ಕಾಡುಗೋಡಿಯಲ್ಲಿ ಒಂದನೇ ಗೇರು

ಬೆಂಗಳೂರು ಮೆಟ್ರೋದ ನೇರಳೆ ಮಾರ್ಗವು ಪೂರ್ವದಲ್ಲಿ ಕೊನೆಗೊಳ್ಳುವ ನಿಲ್ದಾಣಕ್ಕೆ ವೈಟ್‌ಫೀಲ್ಡ್ ಎಂಬುದು ಮೊದಲ ಹೆಸರು. ಕಾಡುಗೋಡಿ ಎಂಬುದು ಅದರ ಪಕ್ಕದಲ್ಲಿ ಕಂಸದೊಳಗೆ ಕುಳಿತಿದೆ. ರೈಲ್ವೆಯವರಂತೂ ಕಾಡುಗೋಡಿಯ ನೆಲದ ಮೇಲಿರುವ ತಮ್ಮ ನಿಲ್ದಾಣವನ್ನು ವೈಟ್‌ಫೀಲ್ಡ್ ಎಂದೇ ಕರೆದಿದ್ದಾರೆ. 1882ರಲ್ಲಿ ಡಿ. ಎಸ್. ವೈಟ್ ಅವರ ಮುಂದಾಳ್ತನದ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಮೈಸೂರಿನ ಚಾಮರಾಜೇಂದ್ರ ಒಡೆಯರು ಸುಮಾರು 3,900 ಎಕರೆ ಭೂಮಿಯನ್ನು ದಯಪಾಲಿಸಿದ ತರುವಾಯ ಹುಟ್ಟಿಕೊಂಡ ಊರು ವೈಟ್‌ಫೀಲ್ಡ್. ಕಾಡುಗೋಡಿಯಾದರೋ ಅದಕ್ಕಿಂತ ಹಳೆಯ ಹಳ್ಳಿ. ಹಳ್ಳಿಯ ಹೆಸರನ್ನು ಕಂಸದಲ್ಲಿ ಇರಿಸಿ ಬಡಾವಣೆಯ ಹೆಸರನ್ನು ಮುಂದಿಡುವುದು ನಮ್ಮ ಕಾಲದ ರೂಢಿಯಾಗಿದೆ, ಇರಲಿ.

ಕಳೆದ ವೈಶಾಖದಲ್ಲಿ ನಾವು ದಾವಣಗೆರೆಯಿಂದ ಬಂದು ಒಂದು ತಿಂಗಳ ಕಾಲ ಇಲ್ಲಿ ತಂಗಿದ್ದೆವು. ಬೆಳತೂರಿನ ಕಡೆಯ ಒಂದು ಸಣ್ಣ ಬಡಾವಣೆಯಲ್ಲಿ ನಮ್ಮ ಅಕ್ಕನ ಮನೆ. ಭಾವನವರು ಈ ಭಾಗದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದವರು; ಎರಡು ವರ್ಷಗಳ ಹಿಂದೆ ಪಾರ್ಶ್ವವಾಯು ತಗುಲಿ, ಚಿಕಿತ್ಸೆಯಿಂದ ನಡೆದಾಡುವಂತಾದರೂ ಎಡಗೈಯಲ್ಲಿ ಹಿಡಿತ ಮರಳಿ ಬಂದಿಲ್ಲ. ಕ್ಲಚ್ ಹಿಡಿಯಲಾಗದ ಕೈಯಿಂದ ಮೋಟಾರ್ ಸೈಕಲ್ ಓಡಿಸುವುದುಂಟೇ? ಅವರು 2012ರಲ್ಲಿ ಕೊಂಡ 150 ಸಿ.ಸಿ.ಯ ಗಾಡಿಯು ಅಂಗಳದಲ್ಲಿ ಹಳೆಯ ಚಾದರ ಹೊದ್ದು ನಿಂತಿತ್ತು. ಅಕ್ಕನ ಮಗಳು ಹೋಪ್‌ಫಾರ್ಮ್‌ನಿಂದ ಆಚೆಗಿರುವ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಳೆ. ವಾರ ಬಿಟ್ಟು ವಾರ ರಾತ್ರಿ ಹತ್ತಕ್ಕೆ ಪಾಳಿ ಮುಗಿಯುತ್ತದೆ. ಆ ಹೊತ್ತಿಗೆ ಹಂಚಿಕೆಯ ಆಟೋಗಳಿರುವುದಿಲ್ಲ; ಒಂಟಿ ಆಟೋದವರು ಕೇಳುವ ದುಡ್ಡು ಸಂಬಳದಲ್ಲಿ ದೊಡ್ಡ ಪಾಲನ್ನೇ ನುಂಗುತ್ತದೆ; ಬಡಾವಣೆಯ ಕೊನೆಯ ತಿರುವಿನಲ್ಲಿ ಬೀದಿದೀಪಗಳಿಲ್ಲ. ಆಕೆ ಮನೆ ಸೇರುವವರೆಗೆ ಅಕ್ಕ ಅನ್ನಕ್ಕೆ ಕೈಯಿಡುತ್ತಿರಲಿಲ್ಲ.

"ಅಪ್ಪಾಜಿಯ ಗಾಡಿ ಕಲಿಯುತ್ತೇನೆ ಮಾವ" ಎಂದು ಹುಡುಗಿ ನಮ್ಮ ಮುಂದೆ ಹೇಳಿದಾಗ ಅಕ್ಕನ ಮುಖ ಇಳಿದುಹೋಯಿತು. ಹೆಣ್ಣುಮಕ್ಕಳಿಗೆ ಗೇರಿಲ್ಲದ ಸ್ಕೂಟರ್ ಇಲ್ಲವೇ, ಈ ಭಾರದ ಗಾಡಿ ಯಾಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೊಸ ಸ್ಕೂಟರಿಗೆ ಮತ್ತೊಂದು ಸಾಲ ಬೇಕು. ಔಷಧೋಪಚಾರದ ಸಾಲವೇ ಇನ್ನೂ ತೀರಿಲ್ಲ. ಮನೆಯಲ್ಲಿ ನಿಂತಿರುವ ಗಾಡಿಯ ಕಂತುಗಳೆಲ್ಲ ಎಂದೋ ಮುಗಿದಿವೆ. ಭಾವನವರು ಒಂದೇ ಮಾತು ಹೇಳಿದರು: "ಕಲಿಯಲಿ, ಆದರೆ ನಾನು ಹೇಳಿದ ಹಾಗೆ ಕಲಿಯಬೇಕು."

ಅವರು ಹೇಳಿದ ರೀತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುವುದು ಉಚಿತವೆಂದು ತೋರುತ್ತದೆ. ಎಷ್ಟೋ ಮನೆಗಳಲ್ಲಿ ಅಣ್ಣನೋ ಗೆಳೆಯನೋ ಗಾಡಿಯನ್ನು ಚಾಲೂ ಮಾಡಿಕೊಟ್ಟು, ಹತ್ತು ಮಾರು ಹಿಂದೆ ಓಡಿ, "ಬಿಡು, ಬಿಡು" ಎಂದು ಕೂಗುವುದೇ ಬೋಧನೆಯಾಗಿರುತ್ತದೆ. ಭಾವನವರು ಮೊದಲ ಎರಡು ದಿನ ಎಂಜಿನ್ನನ್ನು ಚಾಲೂ ಮಾಡಗೊಡಲೇ ಇಲ್ಲ. ಗಾಡಿಯನ್ನು ತಳ್ಳಿಕೊಂಡು ನಡೆಯುವುದು, ತಿರುಗಿಸುವುದು, ನಡುವಿನ ಸ್ಟ್ಯಾಂಡಿಗೆ ಏರಿಸುವುದು, ಇವಿಷ್ಟೇ ಪಾಠ. ಒಂದೂವರೆ ಕ್ವಿಂಟಲಿಗೆ ಸಮೀಪದ ತೂಕವನ್ನು ತೋಳಿನಿಂದ ಎತ್ತಲು ಹೋದರೆ ಸೊಂಟ ಹಿಡಿಯುತ್ತದೆ; ಸ್ಟ್ಯಾಂಡಿನ ಮೇಲೆ ಪಾದವೂರಿ ಮೈಭಾರ ಹಾಕಿದರೆ ಗಾಡಿ ತಾನಾಗಿ ಏರಿ ಕೂರುತ್ತದೆ. ಮೂರನೆಯ ದಿನ ಈ ಗುಟ್ಟು ತಿಳಿದಾಗ ಹುಡುಗಿ ನಕ್ಕದ್ದನ್ನು ಕಂಡು ಅಕ್ಕನೂ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

ಕ್ಲಚ್ಚಿನ ಪಾಠ ನಡೆದದ್ದು ಗಾಡಿಯ ಮೇಲಲ್ಲ, ಜಗಲಿಯ ಮೇಲೆ. ಬೆರಳುಗಳಿಗೆ ಬಲ ಬರಲೆಂದು ವೈದ್ಯರು ಭಾವನವರಿಗೆ ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅದನ್ನು ಮಗಳ ಎಡಗೈಗಿತ್ತು, "ಒತ್ತು, ಈಗ ಬಿಡು, ಅಷ್ಟು ಬೇಗವಲ್ಲ, ಅರ್ಧಕ್ಕೆ ಬಂದು ನಿಲ್ಲಿಸು" ಎನ್ನುತ್ತಿದ್ದರು. ಕ್ಲಚ್ ಎಂಬುದು ಎಂಜಿನ್ನಿನ ತಿರುಗಾಟಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಕೊಂಡಿ. ಹಿಡಿಯನ್ನು ಪೂರಾ ಒತ್ತಿದಾಗ ಕೊಂಡಿ ಕಳಚಿರುತ್ತದೆ, ಪೂರಾ ಬಿಟ್ಟಾಗ ಕೂಡಿರುತ್ತದೆ. ಇವೆರಡರ ನಡುವೆ ತಟ್ಟೆಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತ ಗಾಡಿಯನ್ನು ಮೆಲ್ಲಗೆ ಎಳೆಯತೊಡಗುವ ಒಂದು ಸಣ್ಣ ಜಾಗವಿದೆ. ಹೊಸಬರ ಗಾಡಿ ಕುಪ್ಪಳಿಸಿ ನಿಂತುಹೋಗುವುದು ಈ ಜಾಗವನ್ನು ಬೆರಳು ಅರಿಯದೆ ಹಾರಿಹೋಗುವುದರಿಂದ. ಅದನ್ನು ಕಂಡುಕೊಂಡವರು ಆಕ್ಸಿಲರೇಟರನ್ನು ಹೆಚ್ಚು ತಿರುಗಿಸದೆಯೇ ಗಾಡಿಯನ್ನು ಹಸುವಿನ ನಡಿಗೆಯಲ್ಲಿ ನಡೆಸಬಲ್ಲರು. ತಮ್ಮ ಕೈಯಿಂದ ಆಗದ್ದನ್ನು ಮಗಳ ಕೈಗೆ ಹೇಳಿಕೊಡುತ್ತಿದ್ದ ಆ ಸಂಜೆಗಳಲ್ಲಿ ಭಾವನವರ ದನಿ ನಮಗೆ ಹಿಂದಿನಂತೆಯೇ ಕೇಳಿಸುತ್ತಿತ್ತು.

ಕಾಲಿನ ವಿಷಯಕ್ಕೆ ನಾವು ಬಾಯಿ ಹಾಕಲಿಲ್ಲ, ಅದಕ್ಕೆ ಕಾರಣವಿದೆ. ನಾವು ಹರೆಯದಲ್ಲಿ ಕಲಿತದ್ದು ಹಳೆಯ ಬುಲೆಟ್ಟಿನ ಮೇಲೆ. ಅದರ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಒಂದನೆಯ ಗೇರು ಮೇಲಕ್ಕೆ, ಉಳಿದವು ಕೆಳಕ್ಕೆ. ಈಗಿನ ಗಾಡಿಗಳಲ್ಲಿ ಗೇರು ಎಡಕ್ಕೂ ಬ್ರೇಕು ಬಲಕ್ಕೂ ಇವೆ. ನಮ್ಮ ಓರಗೆಯ ಕೆಲವರು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳ ಮೇಲೆ ಕಲಿತವರು. 1996ರಲ್ಲಿ ಬಾಗಿಲು ಮುಚ್ಚಿದ ಆ ಕಾರ್ಖಾನೆಯ ಗಾಡಿಗಳಲ್ಲಿ ಒದ್ದು ಚಾಲೂ ಮಾಡುವ ಸಲಾಕೆಯೇ ಗೇರಿನ ಸಲಾಕೆಯೂ ಆಗಿತ್ತು! ಕಾಲಿಗೆ ಒಮ್ಮೆ ಅಂಟಿದ ಅಭ್ಯಾಸ ಸುಲಭವಾಗಿ ಬಿಡುವುದಿಲ್ಲ. ಅಕ್ಕನ ಮಗಳ ಗಾಡಿಯಲ್ಲಿ ಒಂದನೆಯದು ಕೆಳಕ್ಕೆ, ಉಳಿದ ನಾಲ್ಕು ಮೇಲಕ್ಕೆ, ನ್ಯೂಟ್ರಲ್ ಒಂದಕ್ಕೂ ಎರಡಕ್ಕೂ ನಡುವೆ.

ಎಂಜಿನ್ ಚಾಲೂ ಮಾಡುವ ಮೊದಲು ಕಲಿಕೆಯ ಲೈಸೆನ್ಸ್ ಕೈಗೆ ಬಂದಿರಬೇಕೆಂದು ಭಾವನವರ ಪಟ್ಟು. ಗೇರಿರುವ ಗಾಡಿಗೆ 18 ವರ್ಷ ತುಂಬಿರಬೇಕು. ಈ ಲೈಸೆನ್ಸಿನ ಆಯುಸ್ಸು ಆರು ತಿಂಗಳು. 30 ದಿನ ಕಳೆದ ಮೇಲಷ್ಟೇ ಪಕ್ಕಾ ಲೈಸೆನ್ಸಿನ ಪರೀಕ್ಷೆ. ಕಲಿಯುವವರು ಲೈಸೆನ್ಸುಳ್ಳ ಬೋಧಕರನ್ನಲ್ಲದೆ ಬೇರಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಬಿಳಿಯ ಹಲಗೆಯ ಮೇಲೆ ಕೆಂಪು 'ಎಲ್' ಅಕ್ಷರವನ್ನು ಹುಡುಗಿಯೇ ಬರೆದು ಮುಂದೆಯೂ ಹಿಂದೆಯೂ ಕಟ್ಟಿದಳು. ಬೋಧಕನ ಪಾತ್ರ ನಮ್ಮ ಪಾಲಿಗೆ ಬಂತು. ಹಿಂಬದಿಯವರಿಗೂ ಹೆಲ್ಮೆಟ್ ಕಡ್ಡಾಯವೆಂಬ ನಿಯಮ ಕರ್ನಾಟಕದಲ್ಲಿ 2016ರಿಂದ ಜಾರಿಯಲ್ಲಿದೆ, ಐ.ಎಸ್.ಐ. ಗುರುತಿನ ಎರಡು ಹೆಲ್ಮೆಟ್ಟುಗಳನ್ನು ಅಕ್ಕ ತಾವೇ ಅಂಗಡಿಗೆ ಹೋಗಿ ತಂದರು. ಬೇಡವೆನ್ನುತ್ತಿದ್ದವರು ಹೆಲ್ಮೆಟ್ ತಂದರೆಂದರೆ ಒಪ್ಪಿಗೆಯಾಯಿತೆಂದೇ ನಾವು ತಿಳಿದೆವು.

ಆದರೆ ಕಲಿಯುವುದೆಲ್ಲಿ? ಕಾಡುಗೋಡಿಯ ಕಷ್ಟ ಇರುವುದೇ ಇಲ್ಲಿ. ಭಾವನವರು ಈ ಊರಿಗೆ ಬಂದ ದಿನಗಳಲ್ಲಿ ಮನೆಯ ಹಿಂದೆಯೇ ಬಯಲಿತ್ತಂತೆ, ರಾಗಿಯ ಹೊಲಗಳಿದ್ದುವಂತೆ. 1990ರ ದಶಕದಲ್ಲಿ ಐ.ಟಿ.ಪಿ.ಎಲ್. ತಲೆಯೆತ್ತಿದ ಮೇಲೆ ಸುತ್ತಲಿನ ಹೊಲಗಳೆಲ್ಲ ನಿವೇಶನಗಳಾದವು, ನಿವೇಶನಗಳು ಅಪಾರ್ಟ್‌ಮೆಂಟುಗಳಾದವು. ಖಾಲಿ ಜಾಗವೆಂದರೆ ತಂತಿ ಬೇಲಿ, 'ಇದು ಖಾಸಗಿ ಆಸ್ತಿ' ಎಂಬ ಹಲಗೆ. ಮಕ್ಕಳು ಸೈಕಲ್ ಕಲಿಯುವುದಕ್ಕೂ, ದೊಡ್ಡವರು ಗಾಡಿ ಕಲಿಯುವುದಕ್ಕೂ ತಪ್ಪು ಮಾಡಲು ಸ್ಥಳ ಬೇಕಷ್ಟೆ. ಲಕ್ಷಾಂತರ ಜನರಿಗೆ ಉದ್ಯೋಗ ಕೊಟ್ಟ ಈ ಪ್ರದೇಶದಲ್ಲಿ ಅಂಥ ಒಂದು ಅಂಗಳವನ್ನು ಉಳಿಸಬೇಕೆಂದು ಯಾರಿಗೂ ತೋಚದೆ ಹೋದುದು ನಮಗೆ ಸೋಜಿಗವೆನಿಸುತ್ತದೆ. ಕೊನೆಗೆ ಸೀಗೆಹಳ್ಳಿಯ ಕಡೆಗೆ ಇನ್ನೂ ಮನೆಗಳೇಳದ ಬಡಾವಣೆಯೊಂದರ ರಸ್ತೆ ಸಿಕ್ಕಿತು. ಬೆಳಗಿನ ಐದೂವರೆಯಿಂದ ಏಳರವರೆಗೆ ಅದು ನಮ್ಮದು. ಏಳಾದರೆ ಜಲ್ಲಿ, ಮರಳಿನ ಟಿಪ್ಪರುಗಳು ಬರತೊಡಗುತ್ತವೆ.

ಅಲ್ಲಿ ಹದಿನೈದು ದಿನ ಆಕೆ ಕಲಿತದ್ದು ವೇಗವನ್ನಲ್ಲ, ನಿಧಾನವನ್ನು. ಗಾಡಿ ಓಡುವಾಗ ಚಕ್ರಗಳೇ ಅದನ್ನು ನಿಲ್ಲಿಸಿಕೊಳ್ಳುತ್ತವೆ. ಮೆಲ್ಲಗೆ ಸಾಗುವಾಗಲೇ ಅದು ಬೀಳಲು ನೋಡುವುದು. ಎಂಟರ ಆಕಾರದಲ್ಲಿ ಕಾಲೂರದೆ ತಿರುಗಿಸುವ ಪರೀಕ್ಷೆಯಲ್ಲಿ ಹೆಚ್ಚಿನವರು ಸೋಲುವುದು ಇದರಿಂದಲೇ. ಕ್ಲಚ್ಚನ್ನು ಆ ನಡುವಿನ ಜಾಗದಲ್ಲಿ ಹಿಡಿದು, ಹಿಂದಿನ ಬ್ರೇಕನ್ನು ಹಗುರಾಗಿ ಒತ್ತಿ, ಮುಂದಿನ ಚಕ್ರವನ್ನು ನೋಡದೆ ತಿರುವಿನ ಆಚೆಯ ತುದಿಯನ್ನು ನೋಡುವುದು ಅದರ ಉಪಾಯ. ಕಣ್ಣು ಹೋದತ್ತ ಗಾಡಿ ಹೋಗುತ್ತದೆ. ಗುಂಡಿಯನ್ನೇ ನೋಡುತ್ತಿದ್ದರೆ ಗುಂಡಿಗೇ ಇಳಿಯುತ್ತದೆ. ಬ್ರೇಕಿನ ಪಾಠಕ್ಕೆ ನಾಲ್ಕು ಬೆಳಗು ಹಿಡಿಯಿತು. ನಿಲ್ಲಿಸುವಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ತಡೆ ಮುಂದಿನ ಚಕ್ರದಿಂದಲೇ ಬರಬೇಕು. ಆದರೆ ಹಿಡಿಯನ್ನು ಒಮ್ಮೆಲೇ ಕಿವುಚಿದರೆ ಚಕ್ರ ಕಚ್ಚಿಕೊಂಡು ಜಾರುತ್ತದೆ. 2019ರ ಏಪ್ರಿಲ್‌ನಿಂದ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಗಾಡಿಗಳಿಗೆ ಹೀಗೆ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಕಡ್ಡಾಯವಾಗಿದೆ, ನಮ್ಮದು ಅದಕ್ಕೂ ಹಿಂದಿನ ಗಾಡಿಯಾದ್ದರಿಂದ ಬೆರಳುಗಳೇ ಆ ಕೆಲಸವನ್ನು ಕಲಿಯಬೇಕಾಯಿತು. ನಡುವೆ ಭರಣಿ ಮಳೆ ಬಿದ್ದು ರಸ್ತೆಯ ಧೂಳೂ ಎಣ್ಣೆಯೂ ಕಲೆತು ಜಾರುಬಂಡೆಯಂತಾದ ಒಂದು ಬೆಳಗ್ಗೆ ಆಕೆ ಬಿದ್ದಳು. ಮೊಣಕೈ ತರಚಿತು, ಬಲಗಡೆಯ ಕನ್ನಡಿ ಒಡೆಯಿತು. ಅಕ್ಕ ಅರಿಸಿನ ಹಚ್ಚಿದರೇ ಹೊರತು ಸಾಕು ಮಾಡೆಂದು ಹೇಳಲಿಲ್ಲ.

ಹೆದ್ದಾರಿಗಿಳಿಯುವ ಮೊದಲು ಭಾವನವರು ಇನ್ನೊಂದು ಕೆಲಸ ಹೇಳಿದರು. ಗಾಡಿಯನ್ನು ಮನೆಯಲ್ಲಿ ಬಿಟ್ಟು ಹೋಪ್‌ಫಾರ್ಮ್ ವೃತ್ತದ ಕಾಲುದಾರಿಯಲ್ಲಿ ಒಂದು ಗಂಟೆ ನಿಂತು ನೋಡಿಕೊಂಡು ಬರಬೇಕು. ನಾವೂ ಜೊತೆಗೆ ಹೋದೆವು. ಐ.ಟಿ.ಪಿ.ಎಲ್. ಕಡೆಯಿಂದ, ವೈಟ್‌ಫೀಲ್ಡಿನಿಂದ, ಚನ್ನಸಂದ್ರದಿಂದ, ಹೊಸಕೋಟೆಯ ಕಡೆಯಿಂದ ಬಂದ ದಾರಿಗಳೆಲ್ಲ ಅಲ್ಲಿ ಕೂಡುತ್ತವೆ. ನೆತ್ತಿಯ ಮೇಲೆ ಮೆಟ್ರೋ. ಕಂಪನಿಗಳ ಬಸ್ಸು, ಬಿ.ಎಂ.ಟಿ.ಸಿ., ನೀರಿನ ಟ್ಯಾಂಕರು, ಹಾಲಿನ ವ್ಯಾನು. ಇವೆಲ್ಲಕ್ಕಿಂತ ಗಮನಿಸಬೇಕಾದದ್ದು ರೈಲು ನಿಲ್ದಾಣದ ಬಳಿಯ ಕಂಟೇನರ್ ಡಿಪೋಕ್ಕೆ ಓಡಾಡುವ ಉದ್ದನೆಯ ಟ್ರೇಲರುಗಳನ್ನು. ಟ್ರೇಲರ್ ಎಡಕ್ಕೆ ತಿರುಗುವಾಗ ಅದರ ಮೂತಿ ಮೊದಲು ಬಲಕ್ಕೆ ಸರಿಯುತ್ತದೆ. ಎಡಗಡೆಯಲ್ಲಿ ಜಾಗ ಬಿಟ್ಟಂತೆ ತೋರುತ್ತದೆ. ಅಲ್ಲಿ ನುಗ್ಗಿದವರನ್ನು ಹಿಂದಿನ ಚಕ್ರಗಳು ಒಳಮೈಗೆ ಒತ್ತಿಕೊಂಡು ಬರುತ್ತವೆ, ಚಾಲಕನಿಗೆ ಕಾಣಿಸುವುದೂ ಇಲ್ಲ. ಒಂದು ಗಂಟೆಯಲ್ಲಿ ಹಾಗೆ ನುಗ್ಗಿ ಕೂದಲೆಳೆಯಲ್ಲಿ ಪಾರಾದ ಮೂವರನ್ನು ಹುಡುಗಿ ಎಣಿಸಿದಳು. ಮೂವರೂ ಹಳೆಯ ಸವಾರರೇ, ಯಾರಿಗೂ 'ಎಲ್' ಹಲಗೆ ಇರಲಿಲ್ಲ.

ಉಳಿದದ್ದು ರೈಲು ಹಳಿಗಳ ಮೇಲಿನ ಸೇತುವೆ. ಕೆಳಗೆ ಹಾದಿರುವುದು 1864ರಲ್ಲಿ ಬೆಂಗಳೂರನ್ನು ಜೋಲಾರಪೇಟೆಗೆ ಜೋಡಿಸಿದ ಹಳೆಯ ಮಾರ್ಗ. ಮೇಲೆ ವಾಹನಗಳು ಏರಿನ ಮಧ್ಯದಲ್ಲೇ ನಿಂತು ನಿಂತು ಸಾಗುತ್ತವೆ. ಏರಿನಲ್ಲಿ ನಿಂತ ಗಾಡಿಯನ್ನು ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸುವುದು ಹೊಸಬರ ಎದೆ ನಡುಗಿಸುವ ಕೆಲಸ. ಬಲಗಾಲು ಹಿಂದಿನ ಬ್ರೇಕಿನ ಮೇಲೆ, ಎಡಗಾಲು ನೆಲದ ಮೇಲೆ; ಕ್ಲಚ್ಚನ್ನು ಎಳೆತ ತಿಳಿಯುವವರೆಗೆ ಬಿಟ್ಟು, ಎಂಜಿನ್ನಿನ ದನಿ ತುಸು ತಗ್ಗಿದಾಗ ಆಕ್ಸಿಲರೇಟರ್ ಕೊಟ್ಟು, ಆಮೇಲೆ ಬ್ರೇಕ್ ಬಿಡಬೇಕು. ನಾವು ಹಿಂದೆ ಕುಳಿತಿದ್ದ ದಿನ ಆ ಏರಿನಲ್ಲಿ ಗಾಡಿ ಎರಡು ಬಾರಿ ನಿಂತುಹೋಯಿತು. ಹಿಂದಿನಿಂದ ಹಾರನ್ನುಗಳ ಸುರಿಮಳೆ. "ಅವಸರ ಅವರದ್ದು ತಾಯಿ, ಗಾಡಿ ನಿನ್ನದು" ಎಂದೆವು. ನಮ್ಮ ಬೆನ್ನಿಗಿದ್ದ ಹಾಲಿನ ವ್ಯಾನಿನವನು ಮಾತ್ರ ಹಾರನ್ ಮಾಡದೆ, ತನ್ನ ಹಿಂದಿನವರನ್ನೂ ಮುನ್ನುಗ್ಗಗೊಡದೆ, ಅಡ್ಡಲಾಗಿ ನಿಂತು ಕಾದ. ಮೂರನೆಯ ಸಲ ಗಾಡಿ ಏರಿತು. ಇಳಿಜಾರಿನಲ್ಲಿ ಅವನು ನಮ್ಮನ್ನು ದಾಟಿ ಹೋಗುವಾಗ ಕೈ ಎತ್ತಿದ. ಹುಡುಗಿ ಹಿಡಿಯಿಂದ ಕೈ ತೆಗೆಯದೆ ತಲೆಯಾಡಿಸಿದಳು.

ನಾವು ಊರಿಗೆ ಮರಳಿದ ಮೇಲೆ ಪರೀಕ್ಷೆ ಮುಗಿದು ಲೈಸೆನ್ಸ್ ಬಂದ ಸುದ್ದಿ ತಿಳಿಯಿತು. ಆಷಾಢದಲ್ಲಿ ಮತ್ತೆ ನಾಲ್ಕು ದಿನ ಹೋಗಿದ್ದೆವು. ಆ ವಾರ ರಾತ್ರಿಯ ಪಾಳಿ. ಹತ್ತೂಕಾಲರ ಸುಮಾರಿಗೆ ಭಾವನವರು ದೂರದರ್ಶನದ ದನಿ ತಗ್ಗಿಸಿ ಕಿವಿಗೊಟ್ಟು ಕುಳಿತರು. ಬಡಾವಣೆಯ ತಿರುವಿನಲ್ಲಿ ಎಂಜಿನ್ನಿನ ಸದ್ದು ಇಳಿದು ಮತ್ತೆ ಏರಿದ್ದು ಕೇಳಿಸಿತು. "ಎರಡಕ್ಕೆ ಇಳಿಸಿಕೊಂಡೇ ತಿರುಗಿದಳು" ಎಂದು ಭಾವನವರು ಹೇಳುವಷ್ಟರಲ್ಲಿ ಅಕ್ಕ ಗೇಟು ತೆರೆಯಲು ಎದ್ದಾಗಿತ್ತು.