ಕಚ್ಚಿಕೊಂಡ ಪೈಪು

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಮಲ್ಪೆ ಬಂದರಿನಲ್ಲಿ ಬೋಟುಗಳು ಮದುವೆಮನೆ ಹೊರಗಿನ ಚಪ್ಪಲಿಗಳ ಹಾಗೆ ಒತ್ತೊತ್ತಾಗಿ ನಿಂತಿರುತ್ತವೆ. ಬಲೆ ರಿಪೇರಿ, ಬಣ್ಣ, ಇಂಜಿನ್ ಬಿಚ್ಚುವುದು ಎಲ್ಲ ಆಗಲೇ. ಅಂಥದೊಂದು ಜುಲೈಯಲ್ಲಿ ಊರಿಗೆ ಹೋದ ನನ್ನನ್ನು ಮಾವ ಸೀದಾ ಇಂಜಿನ್ ಕೋಣೆಗೆ ಇಳಿಸಿದರು. "ಬ್ಯಾಂಕಿನ ಕೈ, ತೆಳ್ಳಗುಂಟು. ಸಂದಿಗೆ ಹೋಗ್ತದೆ."

ಕೂಲರಿನ ರಬ್ಬರ್ ಪೈಪು ಬದಲಿಸಬೇಕಿತ್ತು. ಇಂಜಿನ್ನಿನೊಳಗೆ ಸುತ್ತುವುದು ಸಿಹಿನೀರು. ಅದು ಕಾದು ಕೂಲರಿಗೆ ಬಂದರೆ, ಸಣ್ಣ ಕೊಳವೆಗಳ ಆಚೆ ಬದಿಯಲ್ಲಿ ಹರಿಯುವ ಉಪ್ಪುನೀರು ಆ ಬಿಸಿಯನ್ನು ಹೊತ್ತುಕೊಂಡು ಸಮುದ್ರಕ್ಕೆ ಮರಳುತ್ತದೆ. ಎರಡು ನೀರೂ ಒಂದನ್ನೊಂದು ಮುಟ್ಟುವುದಿಲ್ಲ. ಒಂದೇ ಮನೆ, ಎರಡು ಒಲೆ.

ಕ್ಲಿಪ್ಪು ಸುಲಭವಾಗಿ ಸಡಿಲವಾಯಿತು. ಸ್ಕ್ರೂ ತಿರುಗಿಸಿದರೆ ಪಟ್ಟಿ ಬಿಗಿಯುವ ಈ ಕ್ಲಿಪ್ಪಿಗೆ 1921ರಲ್ಲಿ ಪೇಟೆಂಟ್ ಪಡೆದವನು ಬ್ರಿಟಿಷ್ ನೌಕಾಪಡೆಯಲ್ಲಿದ್ದ ಕಮಾಂಡರ್ ಲಮ್ಲಿ ರಾಬಿನ್ಸನ್. ಹಡಗಿನವನ ಕೆಲಸ, ಹಡಗಿನವರ ಕಷ್ಟ ಗೊತ್ತಿತ್ತು. ಆದರೆ ಕ್ಲಿಪ್ಪು ಹೋದರೂ ಪೈಪು ಕದಲಲಿಲ್ಲ. ಎಳೆದೆ, ತಿರುಚಿದೆ, ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಗೆಣ್ಣು ಸುಲಿಯಿತು.

ಹೆಂಡತಿಯ ತವರು ಸುಳ್ಯದ ಕಡೆ. ಅಲ್ಲಿ ಮುಂಜಾನೆ ಗೆರಟೆಗೆ ತೊಟ್ಟಿಕ್ಕುವ ರಬ್ಬರ್ ಹಾಲನ್ನು ನೋಡಿದವನಿಗೆ ಅದಕ್ಕೆ ಇಂಥ ಹಟ ಬಂದದ್ದೆಲ್ಲಿಂದ ಅನ್ನಿಸದಿರದು. ಬಂದದ್ದು ಒಲೆಯಿಂದ. ಮೊದಲೆಲ್ಲ ರಬ್ಬರ್ ಸಾಮಾನು ಬೇಸಿಗೆಯಲ್ಲಿ ಅಂಟಾಗುತ್ತಿತ್ತು, ಚಳಿಯಲ್ಲಿ ಬಿರಿಯುತ್ತಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್, ಗಂಧಕ ಬೆರೆಸಿದ ರಬ್ಬರನ್ನು ಕಾಯಿಸಿದರೆ ಅದು ಗಟ್ಟಿಯಾಗಿಯೂ ಬಾಗುವಂತೆಯೂ ಉಳಿಯುತ್ತದೆಂದು ಕಂಡುಕೊಂಡ. ಕಾದ ಒಲೆಗೆ ತಾಗಿ ಆಕಸ್ಮಿಕವಾಗಿ ತಿಳಿದದ್ದೆಂದು ಕತೆ. ಸಾಲಕ್ಕೆ ಜೈಲು ಕಂಡಿದ್ದ ಆತ 1860ರಲ್ಲಿ ತೀರಿಕೊಂಡದ್ದೂ ಸಾಲದಲ್ಲೇ. ಬ್ಯಾಂಕಿನವನಾದ ನನಗೆ ಈ ಭಾಗವೇ ಹೆಚ್ಚು ನೆನಪು. ಈಗಿನ ಪೈಪುಗಳಲ್ಲಿ ಕೃತಕ ರಬ್ಬರೇ ಹೆಚ್ಚು, ಆದರೂ ಹಣೆಬರಹ ಅದೇ. ಗುಡ್‌ಇಯರ್ ಹಚ್ಚಿದ ಒಲೆಯನ್ನು ಇಂಜಿನ್ ಆರಲು ಬಿಡುವುದಿಲ್ಲ. ವರ್ಷಗಟ್ಟಲೆ ಬೆಂದು ಬೆಂದು ರಬ್ಬರ್ ಬಿರುಸಾಗುತ್ತದೆ, ಅಡಿಯಲ್ಲಿ ಉಪ್ಪು ಹೆಪ್ಪುಗಟ್ಟುತ್ತದೆ, ಲೋಹ ಹಸಿರು ಕಿಲುಬು ಬಿಡುತ್ತದೆ.

ಮಾವ ಮೇಲಿನಿಂದ ಬಗ್ಗಿ ನೋಡಿದರು. "ಬಿಸಾಡುವ ಪೈಪಿಗೆ ಎಂಥಕ್ಕೆ ಮಾರಾಯ ಇಷ್ಟು ಮರ್ಯಾದೆ? ಕೂಲರಿನ ಕುತ್ತಿಗೆ ಮುರಿದರೆ ನೀನು ತೆಗೆಸಿ ಕೊಡ್ತೀಯಾ?"

ಹೌದಲ್ಲ! ನಾನು ಇಷ್ಟು ಹೊತ್ತೂ ಸತ್ತದ್ದನ್ನು ಉಳಿಸಲು ಹೋಗಿ ಇರುವುದನ್ನು ಹಿಂಸಿಸುತ್ತಿದ್ದೆ. ಮಾವ ಚೂರಿ ಹಿಡಿದು ಇಳಿದರು. ಬಂಗುಡೆಯ ಹೊಟ್ಟೆ ಸೀಳುವಷ್ಟು ಸಲೀಸಾಗಿ ಪೈಪಿನ ಉದ್ದಕ್ಕೂ ಗೀರಿದರು, ಆದರೆ ಪೂರ್ತಿ ಆಳಕ್ಕಲ್ಲ. ಲೋಹಕ್ಕೆ ಗೀರು ಬಿದ್ದರೆ ಹೊಸ ಪೈಪಿನಡಿಯಿಂದ ನೀರು ಜಿನುಗಲು ಅದೇ ದಾರಿ. ಉಳಿದ ತೆಳುಪದರವನ್ನು ಬೆರಳಲ್ಲೇ ಹರಿದು ಬಿಡಿಸಿದರು. ಕಿಲುಬನ್ನು ನಾನು ಉಜ್ಜಿದೆ.

ಹೊಸತೂ ಮೊದಲಿಗೆ ಮುನಿಸಿಕೊಂಡಿತು. ಅದರ ತುದಿಯನ್ನು ಬಿಸಿನೀರಿನಲ್ಲಿ ಅದ್ದಿಟ್ಟು, ಸಾಬೂನು ನೀರು ಸವರಿ ತಿರುಗಿಸುತ್ತಾ ತಳ್ಳಿದಾಗ ಸರಕ್ಕನೆ ಕೂತಿತು. ನಾನು ಗ್ರೀಸಿಗೆ ಕೈ ಹಾಕಿದ್ದೆ. ಎಣ್ಣೆ ರಬ್ಬರನ್ನು ತಿನ್ನುತ್ತದೆಂದು ಮಾವ ಕೈಗೆ ಹೊಡೆದರು. ಉಪ್ಪುನೀರಿನ ಪೈಪಿಗೆ ತುದಿಗೆರಡು ಕ್ಲಿಪ್ಪು. ಒಂದು ಕೈಕೊಟ್ಟರೂ ಬೋಟು ಮುಳುಗಬಾರದಲ್ಲ.

ಸೀಳಿದ ಹಳೆಯದನ್ನು ಎಸೆಯಲು ಎತ್ತಿದೆ. "ಇಡು ಅಲ್ಲೇ" ಎಂದರು. ಬೋಟು ಕಟ್ಟಿದ ಹಗ್ಗ ಅಂಚಿಗೆ ಉಜ್ಜಿ ಸವೆಯುವ ಕಡೆ ಅದನ್ನು ಅಗಲಿಸಿ ತೊಡಿಸಿದರು. ಸೀಳು ಇದ್ದದ್ದಕ್ಕೇ ಸಲೀಸಾಗಿ ಕೂತಿತು.