ತುರುಪಿನ ನಿಯಮ

ಇಸ್ಪೀಟು ಎಂದೊಡನೆ ಹುಬ್ಬು ಗಂಟಿಕ್ಕುವ ಹಿರಿಯರುಂಟು. ಹಣವೊಡ್ಡಿ ಆಡುವ ಜೂಜಿನ ವಿಷಯದಲ್ಲಿ ಅವರ ಮುನಿಸು ನ್ಯಾಯವಾದುದೇ. ಆದರೆ ಮಲೆನಾಡಿನ ಸೆರಗಿನಲ್ಲಿರುವ ತರೀಕೆರೆಯಲ್ಲಿ, ಆಷಾಢದ ಮಳೆ ಹಿಡಿದ ಮಧ್ಯಾಹ್ನ, ಮನೆಮಂದಿ ಚಾಪೆಯ ಮೇಲೆ ಕುಳಿತು 'ಇಪ್ಪತ್ತೆಂಟು' ಆಡುವುದು ಬೇರೆಯ ಮಾತು.

ಎರಡರಿಂದ ಆರರವರೆಗಿನ ಎಲೆಗಳನ್ನು ತೆಗೆದಿಟ್ಟರೆ ಉಳಿಯುವ ೩೨ ಎಲೆಗಳು ಈ ಆಟಕ್ಕೆ ಸಾಕು. ಇಲ್ಲಿ ರಾಜ ರಾಣಿಯರಿಗೆ ಬೆಲೆಯಿಲ್ಲ; ಗುಲಾಮನೇ ಎಲ್ಲರಿಗಿಂತ ಹಿರಿಯ! ಅವನಿಗೆ ೩ ಅಂಕ, ಒಂಬತ್ತಕ್ಕೆ ೨, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಂಗೊಂದಕ್ಕೆ ಏಳರಂತೆ ನಾಲ್ಕು ರಂಗುಗಳಿಗೆ ಇಪ್ಪತ್ತೆಂಟು. ಗುಲಾಮನಿಗೂ ಒಂಬತ್ತಕ್ಕೂ ಇಂಥ ಪದವಿ ಹಾಲೆಂಡಿನ ಆಟಗಳಲ್ಲಿಯೂ ಉಂಟು. 'ತುರುಪು' ಎಂಬ ಮಾತೂ ಡಚ್ಚರ ಭಾಷೆಯಿಂದಲೇ ಬಂದುದು.

ಎದುರುಬದುರು ಕುಳಿತವರು ಜೊತೆಗಾರರು. ಹೆಚ್ಚಿನ ಸವಾಲು ಕೂಗಿದವನು ತನಗೆ ಬೇಕಾದ ರಂಗಿನ ಎಲೆಯೊಂದನ್ನು ತುರುಪೆಂದು ಮಗುಚಿ ಇಡುತ್ತಾನೆ. ಮೊದಲು ಇಳಿದ ರಂಗು ಕೈಯಲ್ಲಿಲ್ಲದವನು ಅದನ್ನು ತೆರೆಸಬಹುದು. ತೆರೆಯುವವರೆಗೆ ತುರುಪಿಗೆ ವಿಶೇಷ ಬಲವಿಲ್ಲ. ಇಷ್ಟರಲ್ಲಿ ತಕರಾರಿಲ್ಲ. ತೆರೆಸಿದವನು ತುರುಪನ್ನೇ ಹಾಕಿ ಕತ್ತರಿಸಬೇಕೆ? ಇಲ್ಲಿ ಮನೆಗೊಂದು ನಿಯಮ.

ಅಂಥದೊಂದು ಮನೆಯಲ್ಲಿ ಅಜ್ಜ ೨೦ಕ್ಕೆ ಸವಾಲು ಕೂಗಿದ್ದರು. ಅವರ ಜೊತೆಗಾರನಾದ ಮಗ ಇಸ್ಪೀಟಿನ ಗುಲಾಮನನ್ನು ಇಳಿಸಿದ. ಮುಂದಿನ ಸರದಿ ಮೊಮ್ಮಗಳದು; ಅವಳಲ್ಲಿ ಇಸ್ಪೀಟು ಇರಲಿಲ್ಲ. ತುರುಪು ತೆರೆಸಿದಳು. ಕಳಾವರ! ಅವಳ ಕೈಯಲ್ಲಿದ್ದ ಕಳಾವರವೆಂದರೆ ಒಂಬತ್ತು ಮಾತ್ರ. ಅದನ್ನು ಉಳಿಸಿಕೊಂಡು ಆಟೀನಿನ ಏಳನ್ನು ಎಸೆದಳು.

"ಕಳಾವರ ಇಲ್ಲವೇನು?"

"ಇದೆ ಅಜ್ಜ, ಹಾಕುವುದಿಲ್ಲ."

"ತೆರೆಸಿದ ಮೇಲೆ ಕತ್ತರಿಸಲೇಬೇಕು" ಎಂದರು ಅಜ್ಜ. "ನಮ್ಮ ತವರಿನಲ್ಲಿ ಹಾಗಿಲ್ಲ" ಎಂದಳು ಹುಡುಗಿಯ ಜೊತೆಗಾರಳಾದ ತಾಯಿ.

ಅಜ್ಜನ ವಾದದಲ್ಲಿ ತಿರುಳಿತ್ತು. ಗುಟ್ಟನ್ನು ತೆರೆಸಿದವರು ಅದಕ್ಕೆ ಬೆಲೆ ತೆರಬೇಕು; ಇಲ್ಲವಾದರೆ ಎದುರಾಳಿಯ ರಹಸ್ಯ ಬಿಟ್ಟಿಯಾಗಿ ದೊರೆತಂತೆ. ಎರಡು ಪದ್ಧತಿಗಳಲ್ಲಿ ಇದೇ ಮೇಲೆಂದು ಧಾರಾಳವಾಗಿ ಹೇಳಬಹುದು. ಆದರೆ ಕಳಾವರದ ಗುಲಾಮ ಇದ್ದುದು ಅಜ್ಜನ ಕೈಯಲ್ಲಿ. ಅವರಲ್ಲಿಯೂ ಇಸ್ಪೀಟು ಇರಲಿಲ್ಲ. ಹುಡುಗಿಯ ಒಂಬತ್ತು ಬಿದ್ದರೆ ಅದು ಅವರ ಪಾಲು. ತೀರ್ಪು ಹೇಳುವವರೂ ಅವರೇ, ಲಾಭ ಪಡೆಯುವವರೂ ಅವರೇ.

"ಎಲೆ ಹಂಚುವ ಮೊದಲು ಇದನ್ನು ಹೇಳಿದ್ದಿರಾ ಅಜ್ಜ?" ಎಂದಳು ಹುಡುಗಿ.

ಅಜ್ಜ ತಮ್ಮ ಎಲೆಗಳನ್ನೊಮ್ಮೆ ನೋಡಿಕೊಂಡರು. "ಇಲ್ಲ. ಆ ಏಳು ಅಲ್ಲಿಯೇ ಇರಲಿ. ಮುಂದಿನ ಆಟದಿಂದ ಕತ್ತರಿಸತಕ್ಕದ್ದು" ಎಂದರು. ಆ ಆಟದಲ್ಲಿ ಅವರ ಕಡೆಗೆ ಬಂದುದು ೧೯ ಅಂಕ.

ಮತ್ತೆ ಎಲೆ ಹಂಚುವ ಮುನ್ನ ಹುಡುಗಿ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ನಿಯಮವನ್ನು ಬರೆದಿಟ್ಟಳು. ತುರುಪಿನ ರಾಜ ರಾಣಿ ಸವಾಲುಗಾರನ ಕೈಯಲ್ಲಿದ್ದರೆ ಸವಾಲಿನಲ್ಲಿ ನಾಲ್ಕು ಇಳಿಸುವ ಪದ್ಧತಿ ಕೆಲವೆಡೆ ಉಂಟು. ಅದನ್ನು ಒಪ್ಪುವುದೋ ಬಿಡುವುದೋ ಎಂಬ ಚರ್ಚೆ ದೀಪ ಹಚ್ಚುವ ಹೊತ್ತಿನವರೆಗೂ ನಡೆಯಿತು.