ಕರೆಂಟು ಹೋಗದ ಊರಿನಲ್ಲಿ

ವಡೋದರಾದ ಅಲ್ಕಾಪುರಿಯಲ್ಲಿ ಕರೆಂಟು ಹೋಗುವುದು ಅಪರೂಪ. ಗುಜರಾತ್ ಊರ್ಜಾ ವಿಕಾಸ್ ನಿಗಮದ ಕೇಂದ್ರ ಕಚೇರಿಯಾದ ವಿದ್ಯುತ್ ಭವನ ಇರುವುದೇ ಪಕ್ಕದ ರೇಸ್ ಕೋರ್ಸ್‌ನಲ್ಲಿ. ಪುತ್ತೂರಿನ ಮಳೆಗಾಲದಲ್ಲಿ ಚಿಮಿಣಿ ದೀಪ ಒರೆಸುತ್ತಾ ಬೆಳೆದ ನನಗೆ ವಡೋದರಾ ಮೊದಮೊದಲು ಸ್ವರ್ಗದಂತೆಯೇ ಕಂಡಿತ್ತು. ಸ್ವರ್ಗಕ್ಕೂ ಒಂದು ಕೊರತೆ ಇರುತ್ತದೆಂದು ತೋರಿಸಿದ್ದು ಮನೆಯ ಹಿಂದಿನ ಕೋಣೆಯ ಕಂಪ್ಯೂಟರ್.

ನಾನು ಇಲ್ಲಿಗೆ ಬಂದದ್ದು ಬ್ಯಾಂಕುಗಳ ದೆಸೆಯಿಂದ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಹಾಗೆ ವರ್ಗವಾಗಿ ಬಂದವರಿಗೆ ಆರ್. ಸಿ. ದತ್ ರಸ್ತೆಯ ಬರೋಡಾ ಭವನದ ಸುತ್ತಮುತ್ತಲೇ ಬಾಡಿಗೆ ಮನೆ ಹುಡುಕುವ ಆಸೆ. ನನಗೆ ಸಿಕ್ಕಿದ್ದು ದಪ್ಪ ಗೋಡೆಗಳ ಹಳೆಯ ಮನೆ. ಹಿಂದಿನ ಕೋಣೆಗೆ ವೈಫೈ ತಲುಪುವುದಿಲ್ಲ. ಆದ್ದರಿಂದ ಗೋಡೆಗುಂಟ ನೀಲಿ ಕೇಬಲ್ ಎಳೆಸಿದ್ದೇನೆ.

ಬೆಳಿಗ್ಗೆ ಎಲ್ಲವೂ ಸರಿ. ನಡುವೆ ಯಾವುದೋ ಅಪ್‌ಡೇಟ್ ಬಂದು ರಿಸ್ಟಾರ್ಟ್ ಕೇಳುತ್ತದೆ. ಮಾಡಿದೆವೋ, ಕೇಬಲ್ ಇದ್ದಲ್ಲೇ ಇದ್ದು ನೆಟ್ ಮಾತ್ರ ಇಲ್ಲ. ಮತ್ತೆ ರಿಸ್ಟಾರ್ಟ್ ಮಾಡಿದರೂ ಅದೇ ಕಥೆ. ಬ್ರಾಡ್‌ಬ್ಯಾಂಡ್ ಹುಡುಗನನ್ನು ಕರೆಸಿದೆ. ಉತ್ತರಾಯಣದ ಗಾಳಿಪಟ ಆಗಷ್ಟೇ ಮುಗಿದಿತ್ತು. ಆ ದಿನಗಳಲ್ಲಿ ಇಲ್ಲಿ ಏನೇ ಕೆಟ್ಟರೂ ಮೊದಲ ಆರೋಪಿ ತಾರಸಿಯ ಮೇಲಿನ ಮಾಂಜಾ ದಾರ. ಅವನು ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದ, ಟೆಸ್ಟರ್ ಹಿಡಿದು 8 ತಂತಿಗಳನ್ನೂ ನೋಡಿದ, ತನ್ನ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದ. ನೆಟ್ ಬಂತು. 'ಬೆನ್, ಪ್ಲಗ್ ಕಾಢೀ ನಾಖೋ' ಅಂದ. ಕಂಪ್ಯೂಟರಿನ ಪ್ಲಗ್ಗನ್ನೇ ಕೀಳಿಸಿ, ಅದರ ಗುಂಡಿಯನ್ನು ಸುಮ್ಮನೆ ಒತ್ತಿ ಹಿಡಿದು, ಅರ್ಧ ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಿದ. ಕೇಬಲ್ ಸಿಕ್ಕಿಸುವಲ್ಲಿ ಸತ್ತಿದ್ದ ಹಸಿರು ದೀಪ ಮಿಣುಕಿತು.

ಈ ತಂತಿಯ ವಂಶಾವಳಿ ಹವಾಯಿ ದ್ವೀಪಗಳಿಂದ ಶುರುವಾಗುತ್ತದೆ. ನಾರ್ಮನ್ ಅಬ್ರಾಮ್ಸನ್ ಅಲ್ಲಿ 1971ರಲ್ಲಿ ದ್ವೀಪ ದ್ವೀಪಗಳ ಕಂಪ್ಯೂಟರುಗಳಿಗೆ ರೇಡಿಯೊ ಮೂಲಕ ಮಾತು ಕಲಿಸಿದ್ದರು: ಇಬ್ಬರ ಮಾತು ಒಂದಕ್ಕೊಂದು ಡಿಕ್ಕಿ ಹೊಡೆದರೆ, ಇಬ್ಬರೂ ತಮಗೆ ತೋಚಿದಷ್ಟು ಹೊತ್ತು ತಡೆದು ಮತ್ತೆ ಹೇಳಬೇಕು. ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪ್ರಯೋಗಾಲಯದಲ್ಲಿದ್ದ ರಾಬರ್ಟ್ ಮೆಟ್‌ಕಾಫ್ ಆ ನೀತಿಯನ್ನು ತಂತಿಗೆ ಇಳಿಸಿ, ಮಾತಾಡುವ ಮುನ್ನ ಕಿವಿಗೊಡಬೇಕೆಂಬ ನಿಯಮವನ್ನೂ ಸೇರಿಸಿ, 1973ರ ಮೇ 22ರಂದು ಈಥರ್ನೆಟ್ಟಿನ ಟಿಪ್ಪಣಿ ಬರೆದರು. ಡೇವಿಡ್ ಬಾಗ್ಸ್ ಜೊತೆ ಸೇರಿ ಅದನ್ನು ಕಟ್ಟಿಯೂ ತೋರಿಸಿದರು. ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಕೇಳಿಸಿಕೊಂಡು ಮಾತಾಡುವ ಈ ಶಿಸ್ತು ನಮ್ಮ ಕಡೆಯ ಮದುವೆ ಮನೆಗಳಿಗೆ ಇನ್ನೂ ಬಂದಿಲ್ಲ.

ಮುಂದೆ ಕಚೇರಿಗಳಿಗೆ ಬಂದದ್ದು ಟಿವಿ ಕೇಬಲ್‌ನಂಥ ಕಪ್ಪು ತಂತಿ. ಒಂದೇ ತಂತಿಗೆ ಸಾಲಾಗಿ ಎಲ್ಲರೂ. ಎರಡು ತುದಿಗಳಿಗೆ 50 ಓಮ್‌ನ ಮುಚ್ಚಳ. ಕಸ ಗುಡಿಸುವಾಗ ಒಂದು ಮುಚ್ಚಳ ಕಳಚಿದರೆ ಇಡೀ ಕಚೇರಿ ಮೌನ. 1990ರಲ್ಲಿ ಜೋಡಿ ಹೆಣೆದ ತಂತಿಯ ಮಾನಕ ಬಂದ ಮೇಲೆ ಪ್ರತಿ ಯಂತ್ರಕ್ಕೂ ಅದರದೇ ಕೇಬಲ್ ಆಯಿತು. ಒಬ್ಬರದು ಕೆಟ್ಟರೆ ಒಬ್ಬರಿಗೇ ಕಷ್ಟ. ಈಗಿನ ನನ್ನ ಕಷ್ಟದ ಹಾಗೆ.

ಆ ಕಾಲದ ಕಂಪ್ಯೂಟರಿಗೆ ಖಟ್ ಎನ್ನುವ ಸ್ವಿಚ್ ಇತ್ತು, ಒತ್ತಿದರೆ ಕರೆಂಟು ನಿಜವಾಗಿಯೂ ನಿಲ್ಲುತ್ತಿತ್ತು. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ವಿನ್ಯಾಸದಲ್ಲಿ ಗುಂಡಿ ಬರೀ ವಿನಂತಿಯಾಯಿತು. ಕಂಪ್ಯೂಟರ್ ಆರಿದ್ದರೂ ಒಳಗೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ದೂರದಿಂದ ಎಬ್ಬಿಸುವವರ ಕರೆಗಾಗಿ ನೆಟ್‌ವರ್ಕ್ ಕಾರ್ಡ್ ಅದನ್ನು ಕುಡಿದುಕೊಂಡು ಕಾಯುತ್ತದೆ. ತನ್ನ ವಿಳಾಸವನ್ನು 16 ಸಲ ಒಂದೇ ಸಮನೆ ಕೂಗುವ ಸಂದೇಶ ಬಂದರೆ ಅದು ಇಡೀ ಯಂತ್ರವನ್ನು ಎಬ್ಬಿಸಬೇಕು.

ರಿಸ್ಟಾರ್ಟ್ ಮಾಡಿದಾಗ ವಿಂಡೋಸ್ ಹೊಸದಾಗಿ ಹುಟ್ಟುತ್ತದೆ. ಕಾರ್ಡಿಗೆ ಮಾತ್ರ ಕರೆಂಟು ಕಡಿದಿರುವುದಿಲ್ಲ. ಹೋಗುವ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಅದನ್ನು ಮಲಗಿಸಿ ಹೋಗಿರುತ್ತದೆ, ಬರುವ ಡ್ರೈವರಿಗೆ ಎಬ್ಬಿಸಲು ಬಾರದಿದ್ದರೆ ಮುಗಿಯಿತು. (ಬ್ಯಾಂಕಿನ ಬೋರ್ಡು ಬದಲಾದ ಮೇಲೂ ಎಷ್ಟೋ ದಿನ ಫೋನೆತ್ತಿದರೆ ನನ್ನ ನಾಲಿಗೆಗೆ ಹಳೆಯ ಹೆಸರೇ ಬರುತ್ತಿತ್ತು. ಕಾರ್ಡನ್ನು ಬಯ್ಯಲು ಮನಸ್ಸಿಲ್ಲ.) ಶಟ್‌ಡೌನ್ ಆದರೂ ವಾಸಿಯೇ ಅಂದರೆ ಅದೂ ಅಲ್ಲ. 2012ರ ವಿಂಡೋಸ್ 8ರಿಂದೀಚೆಗೆ, ಬೇಗ ಎದ್ದೇಳುವ ಸೌಲಭ್ಯವನ್ನು ನಾವಾಗಿ ತೆಗೆಯದಿದ್ದರೆ, ಶಟ್‌ಡೌನ್ ಎಂಬುದೂ ಅರ್ಧ ನಿದ್ದೆ. ಸಾಲದ್ದಕ್ಕೆ ನಾನು ಯುಪಿಎಸ್ ಬೇರೆ ಇಟ್ಟಿದ್ದೇನೆ.

ಈಗ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಹೆಸರು ಹುಡುಕಿ, ವಿದ್ಯುತ್ ಉಳಿಸಲು ಅದನ್ನು ಆರಿಸಬಹುದು ಎಂಬಲ್ಲಿನ ಟಿಕ್ ತೆಗೆದಿದ್ದೇನೆ; ಹೊಸ ಡ್ರೈವರನ್ನೂ ಹಾಕಿದ್ದೇನೆ. ರೋಗ ಕಡಿಮೆಯಾಗಿದೆ, ಹೋಗಿಲ್ಲ. ಆಗಾಗ ಮೇಜಿನಡಿ ನುಸುಳಿ ಪ್ಲಗ್ ಕೀಳುವುದು ತಪ್ಪಿಲ್ಲ.

ಪುತ್ತೂರಿನಲ್ಲಿ ಅಣ್ಣನ ಕಂಪ್ಯೂಟರಿನಲ್ಲೂ ಇಂಥದ್ದೇ ಕಾರ್ಡಿದೆ, ಅಲ್ಲಿ ಯಾರೂ ಈ ರೋಗದ ಹೆಸರು ಕೇಳಿಲ್ಲ. ಮೇಜಿನಡಿ ನುಸುಳುವ ನನ್ನ ಪಾಡನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದೆ. 'ಅಷ್ಟು ಕಷ್ಟ ಯಾಕೆ ಮಗಾ? ಇಲ್ಲಿ ಮಳೆ ಶುರುವಾದರೆ ಆ ಕೆಲಸ ಲೈನ್‌ಮ್ಯಾನೇ ಮಾಡಿಕೊಡ್ತಾನೆ' ಅಂದರು.